ಸ್ಕ್ಯಾನ್ ಆದ ನಕಾಶೆಗೆ ತನ್ನ ಗೆರೆ ಗೊತ್ತಿಲ್ಲ

ಬೆಂಗಳೂರಿನ ಸುತ್ತಮುತ್ತ ಜಮೀನು ಇರುವವರಿಗೂ ಹಳೆಯ ಬಡಾವಣೆಗಳಲ್ಲಿ ಮನೆ ಇರುವವರಿಗೂ ಈಗೀಗ ಒಂದೇ ಬಗೆಯ ತೊಡಕು ಎದುರಾಗುತ್ತಿದೆ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿದ್ದ ಕಡತಗಳು ಭೂ ಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಆಗುತ್ತಿವೆ, ಗ್ರಾಮ ನಕಾಶೆಗಳು ಪಿಡಿಎಫ್ ರೂಪದಲ್ಲಿ ಸಿಗುತ್ತಿವೆ, ಅಜ್ಜನ ಕಾಲದ ಮನೆಯ ಪ್ಲ್ಯಾನನ್ನು ಮೊಮ್ಮಕ್ಕಳು ಟ್ರಂಕಿನಿಂದ ತೆಗೆದು ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳುತ್ತಿದ್ದಾರೆ. ಆದರೆ ಆ ಫೈಲನ್ನು ಎಂಜಿನಿಯರ್ ಬಳಿಗೆ ಒಯ್ದು ಇದರ ಮೇಲೆ ಹೊಸ ಕೊಠಡಿಯೊಂದನ್ನು ಸೇರಿಸಿ ಕೊಡಿ ಎಂದರೆ, "ಇದು ಬರೀ ಇಮೇಜ್, ಕ್ಯಾಡ್ ಫೈಲ್ ಇದ್ದರೆ ಕೊಡಿ" ಎಂಬ ಉತ್ತರ ಬರುತ್ತದೆ. ಕ್ಯಾಡ್ ಎಂದರೆ ಕಂಪ್ಯೂಟರಿನಲ್ಲಿ ಅಳತೆಯ ನಕ್ಷೆ ಬರೆಯುವ ತಂತ್ರಾಂಶ. ಕಂಪ್ಯೂಟರಿನ ಒಳಗೆ ಆಗಲೇ ಸೇರಿರುವ ಚಿತ್ರವನ್ನು ಮತ್ತೊಮ್ಮೆ ಕಂಪ್ಯೂಟರಿನಲ್ಲಿ ಬರೆಸಬೇಕು, ಅದಕ್ಕೆ ಬೇರೆಯೇ ಹಣ ಕೊಡಬೇಕು ಎಂದರೆ ಯಾರಿಗಾದರೂ ವಿಚಿತ್ರ ಎನಿಸುತ್ತದೆ. ಆ ಕೆಲಸ ಏನು, ಅದು ಹೇಗೆ ನಡೆಯುತ್ತದೆ ಮತ್ತು ಎಲ್ಲೆಲ್ಲಿ ತಪ್ಪಬಹುದು ಎಂಬುದನ್ನು ಮೊದಲಿನಿಂದ ನೋಡೋಣ.

ಒಂದೇ ನಿವೇಶನ, ಎರಡು ಬಗೆಯ ದಾಖಲೆ

ಕ್ರಯಪತ್ರದ ಕೊನೆಯ ಪುಟಗಳನ್ನು ಓದಿದವರಿಗೆ ಚಕ್ಕುಬಂದಿ ಗೊತ್ತಿರುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ಸಂಖ್ಯೆಯ ನಿವೇಶನ, ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 30 ಅಡಿ ಎಂದು ಅಲ್ಲಿ ಬರೆದಿರುತ್ತದೆ. ಅದೇ ನಿವೇಶನದ ಫೋಟೊ ಒಂದನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಫೋಟೊದಲ್ಲಿ ಮಣ್ಣಿನ ಬಣ್ಣ, ಬೇಲಿಯ ನೆರಳು, ಮೂಲೆಯಲ್ಲಿ ಬಿದ್ದ ಕಲ್ಲು ಎಲ್ಲವೂ ಇವೆ. ಉದ್ದ ಎಷ್ಟು ಎಂದು ಕೇಳಿದರೆ ಉತ್ತರ ಮಾತ್ರ ಇಲ್ಲ. ಚಕ್ಕುಬಂದಿಯಲ್ಲಿ ಬಣ್ಣವೂ ನೆರಳೂ ಇಲ್ಲ, ಆದರೆ ಅದನ್ನು ಹಿಡಿದು ನಿವೇಶನವನ್ನು ನೆಲದ ಮೇಲೆ ಮತ್ತೆ ಗುರುತಿಸಬಹುದು.

ಸ್ಕ್ಯಾನರ್ ಕೊಡುವುದು ಫೋಟೊದ ಜಾತಿಯ ದಾಖಲೆಯನ್ನು. ಅದಕ್ಕೆ ರಾಸ್ಟರ್ ಚಿತ್ರ ಎಂದು ಹೆಸರು. ಶಾಲೆಯ ಗ್ರಾಫ್ ಹಾಳೆಯ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬಿದಂತೆ, ಸ್ಕ್ಯಾನರ್ ಕಾಗದವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಒಂದು ಬಣ್ಣವನ್ನು ಬರೆದುಕೊಳ್ಳುತ್ತದೆ. ಆ ಒಂದು ಚೌಕವೇ ಪಿಕ್ಸೆಲ್. ಒಂದು ಇಂಚಿನ ಉದ್ದಕ್ಕೆ ಎಷ್ಟು ಚೌಕಗಳು ಎಂಬ ಲೆಕ್ಕವನ್ನು ಡಿಪಿಐ ಎನ್ನುತ್ತಾರೆ. ಎ4 ಅಳತೆಯ ಹಾಳೆಯೊಂದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚೌಕಗಳು ಸಿಗುತ್ತವೆ. ಒಟ್ಟು ಸುಮಾರು 87 ಲಕ್ಷ. ಅಷ್ಟು ಚೌಕಗಳ ಬಣ್ಣ ಗೊತ್ತಿದ್ದರೂ ಆ ಹಾಳೆಯ ಮೇಲೆ ಗೋಡೆ ಎಂಬುದೊಂದಿದೆ, ಅದು ಇಲ್ಲಿಂದ ಅಲ್ಲಿಯವರೆಗೆ ಹೋಗುತ್ತದೆ ಎಂಬ ಸಂಗತಿ ಫೈಲಿನ ಯಾವ ಮೂಲೆಯಲ್ಲೂ ದಾಖಲಾಗಿರುವುದಿಲ್ಲ. ಗೆರೆಯನ್ನು ಕಾಣುತ್ತಿರುವುದು ನೋಡುವವರ ಕಣ್ಣು.

ವೆಕ್ಟರ್ ಚಿತ್ರ ಚಕ್ಕುಬಂದಿಯ ಜಾತಿಯದು. ಈ ಬಿಂದುವಿನಿಂದ ಆ ಬಿಂದುವಿಗೆ ಒಂದು ನೇರಗೆರೆ ಎಂದು ಹೇಳಲು ಅದಕ್ಕೆ ನಾಲ್ಕು ಸಂಖ್ಯೆಗಳು ಸಾಕು: ಎರಡು ತುದಿಗಳಿಗೂ ಅಡ್ಡಳತೆ ಮತ್ತು ನಿಲುವಳತೆ. ತೆರೆಯ ಮೇಲೆ ತೋರಿಸಬೇಕಾದಾಗ ಕಂಪ್ಯೂಟರ್ ಆ ಸಂಖ್ಯೆಗಳನ್ನು ಓದಿ ಗೆರೆಯನ್ನು ಹೊಸದಾಗಿ ಎಳೆಯುತ್ತದೆ. ಆದ್ದರಿಂದ ಹಿಗ್ಗಿಸಿದರೂ ಅದು ಮಸುಕಾಗುವುದಿಲ್ಲ, ಒಂದು ಗೋಡೆಯನ್ನು ಹಿಡಿದು ಪಕ್ಕಕ್ಕೆ ಸರಿಸಬಹುದು, ಉದ್ದವನ್ನು ಕೇಳಿ ತಿಳಿಯಬಹುದು. ನೀವು ಈಗ ಓದುತ್ತಿರುವ ಈ ಕನ್ನಡ ಅಕ್ಷರಗಳೂ ವೆಕ್ಟರ್‌ಗಳೇ. ಅದರಿಂದಾಗಿಯೇ ಮೊಬೈಲಿನಲ್ಲಿ ಕಾಣುವ ಅದೇ ಫಾಂಟಿನ 'ಬ' ರಸ್ತೆ ಬದಿಯ ಹೋರ್ಡಿಂಗಿನಲ್ಲೂ ಅಂಚು ಮುರಿಯದೆ ನಿಲ್ಲುತ್ತದೆ.

ಪಿಡಿಎಫ್ ಎಂಬ ಹೆಸರು ಇಲ್ಲಿ ದಾರಿ ತಪ್ಪಿಸುವುದುಂಟು. ಪಿಡಿಎಫ್ ಒಂದು ಲಕೋಟೆ ಇದ್ದಂತೆ. ಒಳಗೆ ರಾಸ್ಟರ್ ಇರಬಹುದು, ವೆಕ್ಟರ್ ಇರಬಹುದು, ಎರಡೂ ಇರಬಹುದು. ಫೈಲನ್ನು ತೆರೆದು ಒಂದು ಓರೆಗೆರೆಯ ಮೇಲೆ ಸಾಧ್ಯವಾದಷ್ಟು ಹಿಗ್ಗಿಸಿದರೆ ವಿಷಯ ತಿಳಿಯುತ್ತದೆ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಅಥವಾ ಮಂಜಾಗಿ ಕಂಡರೆ ಅದು ರಾಸ್ಟರ್; ಎಷ್ಟು ಹಿಗ್ಗಿಸಿದರೂ ಚೂಪಾಗಿಯೇ ಇದ್ದರೆ ವೆಕ್ಟರ್.

ಶಾಯಿ ಯಾವುದು, ಕಾಗದ ಯಾವುದು

ರಾಸ್ಟರನ್ನು ವೆಕ್ಟರ್ ಮಾಡುವ ತಂತ್ರಾಂಶದ ಮೊದಲ ಕೆಲಸ ಶಾಯಿಯನ್ನು ಕಾಗದದಿಂದ ಬೇರ್ಪಡಿಸುವುದು. ಬೂದು ಛಾಯೆಯ ಸ್ಕ್ಯಾನಿನಲ್ಲಿ ಪ್ರತಿ ಪಿಕ್ಸೆಲ್‌ಗೆ 0ಯಿಂದ 255ರವರೆಗೆ ಒಂದು ಸಂಖ್ಯೆ ಇರುತ್ತದೆ. 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ನಡುವೆ ಎಲ್ಲೋ ಒಂದು ಮಿತಿಯನ್ನು ಇಟ್ಟು, ಅದಕ್ಕಿಂತ ಕಡಿಮೆ ಇರುವುದೆಲ್ಲ ಶಾಯಿ, ಹೆಚ್ಚಿರುವುದೆಲ್ಲ ಕಾಗದ ಎಂದು ತೀರ್ಮಾನಿಸಲಾಗುತ್ತದೆ. ಇದು ಜರಡಿ ಹಿಡಿಯುವ ಕೆಲಸ: ಜರಡಿಯ ಕಣ್ಣು ದೊಡ್ಡದಾದರೆ ಕಲೆ, ಮಡಿಕೆಯ ಗುರುತು, ಗೆದ್ದಲು ತಿಂದ ಅಂಚು ಎಲ್ಲವೂ ಗೆರೆಗಳ ಸಾಲಿಗೆ ಬಂದು ಬೀಳುತ್ತವೆ, ಸಣ್ಣದಾದರೆ ಮಾಸಿದ ಗೆರೆಗಳು ಕಾಗದದ ಪಾಲಾಗುತ್ತವೆ. ಚಿತ್ರದಲ್ಲಿನ ಕಪ್ಪು ಗುಂಪು ಮತ್ತು ಬಿಳಿ ಗುಂಪು ಒಂದಕ್ಕೊಂದು ಅತಿ ಹೆಚ್ಚು ದೂರ ಉಳಿಯುವಂಥ ಮಿತಿಯನ್ನು ಲೆಕ್ಕದಿಂದಲೇ ಕಂಡುಹಿಡಿಯುವ ವಿಧಾನವನ್ನು ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಹಳೆಯ ಮನೆಗಳ ಅಮೋನಿಯಾ ಪ್ರಿಂಟ್‌ಗಳಿಗೆ, ಅಂದರೆ ನೀಲಿ ಗೆರೆಯ ನಕಲು ಪ್ರತಿಗಳಿಗೆ, ಈ ಒಂದೇ ಮಿತಿ ಸಾಲುವುದಿಲ್ಲ. ಮಡಿಸಿಟ್ಟ ಹಾಳೆಯ ಹೊರಮಡಿಕೆ ಬೆಳಕಿಗೆ ಮಾಸಿರುತ್ತದೆ, ಒಳಮಡಿಕೆಯ ನೀಲಿ ಗಾಢವಾಗಿಯೇ ಉಳಿದಿರುತ್ತದೆ. ಒಂದು ಕಡೆ ಗೆರೆಯ ಬಣ್ಣವೇ ಇನ್ನೊಂದು ಕಡೆ ಹಿನ್ನೆಲೆಯ ಬಣ್ಣವಾಗಿರುತ್ತದೆ. ಇಂಥ ಹಾಳೆಗಳಿಗೆ ಪ್ರತಿ ಭಾಗಕ್ಕೂ ಅದರ ನೆರೆಹೊರೆಯನ್ನು ನೋಡಿ ಬೇರೆ ಬೇರೆ ಮಿತಿ ಇಡುವ ವಿಧಾನಗಳು ಬೇಕಾಗುತ್ತವೆ.

ಅಂಚನ್ನು ಹಿಡಿಯುವುದೋ, ನಡುವನ್ನು ಹಿಡಿಯುವುದೋ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ. ಕಾಗದದ ಮೇಲಿನ ಗೆರೆಗೆ ದಪ್ಪ ಇದೆ. ಹತ್ತಿರದಿಂದ ನೋಡಿದರೆ ಅದು ಗೆರೆಯೂ ಅಲ್ಲ, ಉದ್ದವಾದ ಕಪ್ಪು ಪಟ್ಟಿ. ಆ ಪಟ್ಟಿಯ ಸುತ್ತಲಿನ ಅಂಚನ್ನು ಬರೆದುಕೊಳ್ಳುವುದು ಒಂದು ಮಾರ್ಗ, ಪಟ್ಟಿಯ ನಟ್ಟನಡುವೆ ಹಾದುಹೋಗುವ ಒಂದೇ ಗೆರೆಯನ್ನು ಕಂಡುಕೊಳ್ಳುವುದು ಇನ್ನೊಂದು.

ಅಂಚು ಹಿಡಿಯುವ ವಿಧಾನ ಅಕ್ಷರಗಳಿಗೆ, ಲಾಂಛನಗಳಿಗೆ, ಮುದ್ರೆಗಳಿಗೆ ಒಪ್ಪುತ್ತದೆ. ಅಲ್ಲಿ ಆಕಾರವೇ ಮುಖ್ಯ. ಗಣಿತಜ್ಞ ಪೀಟರ್ ಸೆಲಿಂಗರ್ 2001ರಲ್ಲಿ ಹೊರತಂದ ಪೋಟ್ರೇಸ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಮಾಡುತ್ತದೆ, ಮತ್ತು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬಿಟ್‌ಮ್ಯಾಪ್ ಟ್ರೇಸ್ ಮಾಡಿದಾಗ (ಅಂದರೆ ರಾಸ್ಟರಿನ ಗೆರೆಗಳ ಮೇಲೆ ವೆಕ್ಟರ್ ಗೆರೆ ಎಳೆಸಿದಾಗ) ಹಿಂದೆ ಕೆಲಸ ಮಾಡುವುದೂ ಮುಖ್ಯವಾಗಿ ಅದೇ. ಆದರೆ ಅದೇ ವಿಧಾನವನ್ನು ಮನೆಯ ಪ್ಲ್ಯಾನಿಗೆ ಹಚ್ಚಿದರೆ ಪ್ರತಿಯೊಂದು ಗೆರೆಯೂ ಎರಡಾಗುತ್ತದೆ, ಪೆನ್ನಿನ ಎಡ ಅಂಚಿಗೊಂದು, ಬಲ ಅಂಚಿಗೊಂದು. ತೆರೆಯ ಮೇಲೆ ಒಳಗೆ ಕಪ್ಪು ತುಂಬಿರುವುದರಿಂದ ನೋಡಲು ಸರಿಯಾಗಿಯೇ ಇರುತ್ತದೆ. ಪೀಣ್ಯದ ಯಾವುದಾದರೂ ಲೇಸರ್ ಕಟಿಂಗ್ ಅಂಗಡಿಗೆ ಆ ಫೈಲನ್ನು ಒಯ್ದರೆ ಆಗ ಗುಟ್ಟು ಬಯಲಾಗುತ್ತದೆ: ಯಂತ್ರ ತುಂಬಿದ ಬಣ್ಣವನ್ನು ನೋಡುವುದಿಲ್ಲ, ಹಾದಿಯನ್ನು ಅನುಸರಿಸುತ್ತದೆ, ಆದ್ದರಿಂದ ಒಂದು ಸೀಳಿನ ಬದಲು ಅಕ್ಕಪಕ್ಕದಲ್ಲಿ ಎರಡು ಸೀಳು ಹಾಕಿ ನಡುವೆ ಕೂದಲೆಳೆಯಂಥ ತಗಡನ್ನು ಉಳಿಸುತ್ತದೆ.

ನಕಾಶೆಗೂ ಪ್ಲ್ಯಾನಿಗೂ ಬೇಕಾದದ್ದು ನಡುಗೆರೆ. ಅದನ್ನು ಪಡೆಯುವ ಬಗೆ ಬಾಳೆದಿಂಡು ತೆಗೆಯುವಂತಿದೆ. ಕಡಿದ ಬಾಳೆಗಿಡದ ಪಟ್ಟೆಗಳನ್ನು ಹೊರಗಿನಿಂದ ಒಂದೊಂದಾಗಿ ಸುಲಿಯುತ್ತಾ ಹೋದರೆ ಕೊನೆಗೆ ಬಿಳಿಯ ದಿಂಡು ಉಳಿಯುವಂತೆ, ಕಪ್ಪು ಪಟ್ಟಿಯ ಅಂಚಿನ ಪಿಕ್ಸೆಲ್‌ಗಳನ್ನು ಸುತ್ತು ಸುತ್ತಾಗಿ ತೆಗೆಯುತ್ತಾ, ತೆಗೆದರೆ ಗೆರೆ ತುಂಡಾಗುತ್ತದೆ ಎನ್ನುವ ಪಿಕ್ಸೆಲನ್ನು ಮಾತ್ರ ಮುಟ್ಟದೆ ಬಿಟ್ಟರೆ, ಒಂದೇ ಪಿಕ್ಸೆಲ್ ದಪ್ಪದ ಎಲುಬು ಉಳಿಯುತ್ತದೆ. ಹೀಗೆ ಸುಲಿಯುವ ನಿಯಮಗಳಲ್ಲಿ ಝಾಂಗ್ ಮತ್ತು ಸುಯೆನ್ 1984ರಲ್ಲಿ ಪ್ರಕಟಿಸಿದ ವಿಧಾನ ಪ್ರಸಿದ್ಧವಾದದ್ದು.

ಈ ಸುಲಿತಕ್ಕೂ ಅದರದೇ ದೋಷಗಳಿವೆ. ಪೆನ್ನಿನ ಅಂಚಿನಲ್ಲಿ ಶಾಯಿ ಸ್ವಲ್ಪ ಹರಡಿದ್ದರೆ ಅಲ್ಲಿಂದ ಅನಗತ್ಯವಾದ ಪುಟ್ಟ ಕವಲೊಂದು ಚಿಗುರುತ್ತದೆ. ಎರಡು ದಪ್ಪ ಗೆರೆಗಳು ಓರೆಯಾಗಿ ಒಂದನ್ನೊಂದು ದಾಟುವಲ್ಲಿ ಒಂದೇ ಬಿಂದುವಿನಲ್ಲಿ ಕೂಡುವ ಬದಲು, ನಡುವೆ ಸಣ್ಣ ಸೇತುವೆ ಇಟ್ಟುಕೊಂಡ ಎರಡು ಕವಲುಗಳಾಗಿ ಕೂಡುತ್ತವೆ. ನಕಾಶೆಯಲ್ಲಿ ಅತ್ಯಂತ ಬೆಲೆಯುಳ್ಳ ಜಾಗ ಮೂಲೆಗಳು; ಯಂತ್ರ ಹೆಚ್ಚು ಎಡವುವುದೂ ಮೂಲೆಗಳಲ್ಲೇ.

ಅಲ್ಲಲ್ಲಿ ಕಡಿದುಹೋದ ಗೆರೆಗಳಿಗೆ ಬೇರೊಂದು ಉಪಾಯವಿದೆ, ಅದರ ಹುಟ್ಟು ಕುತೂಹಲಕರವಾದದ್ದು. ಅಣುವಿಗಿಂತ ಚಿಕ್ಕ ಕಣಗಳು ದ್ರವದಲ್ಲಿ ಬಿಟ್ಟುಹೋದ ಗುಳ್ಳೆಗಳ ಫೋಟೊಗಳಲ್ಲಿ ಅವು ಸಾಗಿದ ನೇರ ಹಾದಿಯನ್ನು ಯಂತ್ರದಿಂದ ಗುರುತಿಸಲು ಪಾಲ್ ಹಫ್ ಎಂಬ ಭೌತವಿಜ್ಞಾನಿ ಒಂದು ವಿಧಾನವನ್ನು ರೂಪಿಸಿ 1962ರಲ್ಲಿ ಪೇಟೆಂಟ್ ಪಡೆದರು. ಅದು ಒಂದು ಬಗೆಯ ಚುನಾವಣೆ. ಪ್ರತಿ ಕಪ್ಪು ಚುಕ್ಕಿಯೂ ತನ್ನ ಮೂಲಕ ಹಾದುಹೋಗಬಲ್ಲ ಎಲ್ಲ ನೇರಗೆರೆಗಳಿಗೂ ಒಂದೊಂದು ಮತ ಹಾಕುತ್ತದೆ; ಹೆಚ್ಚು ಮತ ಬಿದ್ದ ಗೆರೆ, ನಡುವೆ ಎಷ್ಟೇ ಕಡಿದಿದ್ದರೂ, ಗೆಲ್ಲುತ್ತದೆ.

ಸಾವಿರ ಬಿಂದುಗಳಿಂದ ನಾಲ್ಕು ಬಿಂದುಗಳಿಗೆ

ಎಲುಬು ಸಿಕ್ಕಿತೆಂದರೂ ಅದಿನ್ನೂ ಪಿಕ್ಸೆಲ್‌ಗಳ ಸರಪಳಿ. ಅದರಲ್ಲಿ ಅನಗತ್ಯ ಬಿಂದುಗಳನ್ನು ಬಿಡಬೇಕು. ಗಾರೆ ಕೆಲಸದವರು ಗೋಡೆಯ ಎರಡು ತುದಿಗೆ ದಾರ ಕಟ್ಟಿ ಎಲ್ಲಿ ಉಬ್ಬಿದೆ ಎಂದು ನೋಡುತ್ತಾರಲ್ಲ, ಡಗ್ಲಸ್ ಮತ್ತು ಪ್ಯೂಕರ್ 1973ರಲ್ಲಿ ಪ್ರಕಟಿಸಿದ ವಿಧಾನ ಮಾಡುವುದೂ ಅದನ್ನೇ. ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ ನೇರ ದಾರ ಎಳೆದು, ದಾರದಿಂದ ಅತಿ ದೂರ ಇರುವ ಬಿಂದುವನ್ನು ಹುಡುಕುತ್ತದೆ. ಆ ದೂರ ನಾವು ಒಪ್ಪಿದ ಮಿತಿಯೊಳಗಿದ್ದರೆ ನಡುವಿನ ಬಿಂದುಗಳೆಲ್ಲ ಬೇಡ. ಮೀರಿದರೆ ಆ ಬಿಂದುವನ್ನು ಉಳಿಸಿಕೊಂಡು ಅದರ ಎರಡೂ ಬದಿಗೆ ಮತ್ತೆ ದಾರ ಕಟ್ಟುತ್ತದೆ. ಮಿತಿಯನ್ನು ಉದಾರವಾಗಿ ಇಟ್ಟರೆ ನಿಜವಾದ ಮೂಲೆಗಳೂ ಮಾಯವಾಗುತ್ತವೆ, ಜಿಪುಣತನದಿಂದ ಇಟ್ಟರೆ ಪೆನ್ ಹಿಡಿದ ಕೈಯ ನಡುಕವೂ ದಾಖಲಾಗುತ್ತದೆ.

ಬಾಗಿದ ಗೆರೆಗಳಿಗೆ ಬೆಜಿಯೇ ವಕ್ರಗಳನ್ನು ಬಳಸುತ್ತಾರೆ. ಕಾರಿನ ಮೈಯ ಬಾಗನ್ನು ಯಂತ್ರಕ್ಕೆ ಅರ್ಥವಾಗುವಂತೆ ಹೇಳುವುದು ಹೇಗೆಂಬ ಪ್ರಶ್ನೆಗೆ ಫ್ರಾನ್ಸಿನ ಎರಡು ಕಾರು ಕಂಪನಿಗಳಲ್ಲಿ ಬೇರೆ ಬೇರೆಯಾಗಿ ಉತ್ತರ ಸಿಕ್ಕಿತು. ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ತಲ್ಜೊ 1959ರಲ್ಲೇ ಅದನ್ನು ಕಂಡುಕೊಂಡಿದ್ದರೂ ಕಂಪನಿ ಗುಟ್ಟಾಗಿಟ್ಟಿತು; ರೆನೊದಲ್ಲಿ 1960ರ ದಶಕದಲ್ಲಿ ಕೆಲಸ ಮಾಡಿದ ಪಿಯೆರ್ ಬೆಜಿಯೇ ಹೆಸರೇ ಉಳಿಯಿತು. ವಕ್ರಕ್ಕೆ ನಾಲ್ಕು ಬಿಂದುಗಳು. ಮೊದಲನೆಯದು ಮತ್ತು ಕೊನೆಯದು ತುದಿಗಳು. ನಡುವಿನ ಎರಡನ್ನು ಗೆರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊರಡುವಾಗ ಯಾವ ದಿಕ್ಕಿಗೆ ಮುಖ ಮಾಡಬೇಕು, ಸೇರುವಾಗ ಯಾವ ದಿಕ್ಕಿನಿಂದ ಬರಬೇಕು ಎಂಬುದನ್ನು ಅವು ಹೇಳುತ್ತವೆ. ಸರ್ಕಲ್ಲಿನಲ್ಲಿ ತಿರುಗುವ ಬಿಎಂಟಿಸಿ ಬಸ್ಸನ್ನು ನೆನೆದುಕೊಳ್ಳಿ: ಅದು ಮೊದಲು ಎದುರಿನ ರಸ್ತೆಯ ಕಡೆಗೇ ಹೊರಟು, ಕ್ರಮೇಣ ಹೊರಳಿ, ಸೇರಬೇಕಾದ ರಸ್ತೆಯ ದಿಕ್ಕಿಗೆ ನೇರವಾಗುತ್ತದೆ. ಇಂಥ ನಾಲ್ಕು ವಕ್ರಗಳನ್ನು ಜೋಡಿಸಿ ವೃತ್ತ ಬರೆದರೆ ನಿಜವಾದ ವೃತ್ತಕ್ಕೂ ಅದಕ್ಕೂ ಇರುವ ವ್ಯತ್ಯಾಸ ತ್ರಿಜ್ಯದ ಹತ್ತು ಸಾವಿರದಲ್ಲಿ ಮೂರು ಪಾಲಿಗಿಂತಲೂ ಕಡಿಮೆ. ದುಂಡಗಿನ ಕನ್ನಡ ಅಕ್ಷರಗಳನ್ನು ಕೆಲವೇ ಬಿಂದುಗಳಲ್ಲಿ ಹಿಡಿದಿಡಲು ಸಾಧ್ಯವಾದದ್ದು ಇದರಿಂದ.

ಗೆರೆಯ ದಪ್ಪಕ್ಕೆ ನೆಲದ ಮೇಲೆ ಎಷ್ಟು ಬೆಲೆ

ಲಾಂಛನದ ಗೆರೆ ಅರ್ಧ ಮಿಲಿಮೀಟರ್ ಸರಿದರೆ ಯಾರಿಗೂ ನಷ್ಟವಿಲ್ಲ. ಗ್ರಾಮ ನಕಾಶೆಯ ವಿಷಯ ಬೇರೆ. ಕರ್ನಾಟಕದ ಗ್ರಾಮ ನಕಾಶೆಗಳು ಸಾಮಾನ್ಯವಾಗಿ 1:7920 ಪ್ರಮಾಣದಲ್ಲಿವೆ, ಅಂದರೆ ಕಾಗದದ ಮೇಲಿನ 8 ಇಂಚು ನೆಲದ ಮೇಲೆ ಒಂದು ಮೈಲಿ. ಹಾಗಾದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ 7.92 ಮೀಟರ್ ಆಗುತ್ತದೆ. ಮೂವತ್ತು-ನಲವತ್ತರ ನಿವೇಶನದ ಮೂವತ್ತು ಅಡಿ ಎಂದರೆ 9.14 ಮೀಟರ್, ಇಡೀ ನಿವೇಶನದ ಅಗಲ ನಕಾಶೆಯ ಮೇಲೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅರ್ಧ ಮಿಲಿಮೀಟರ್ ದಪ್ಪದ ಗಡಿಗೆರೆ ತಾನೇ ಸುಮಾರು 4 ಮೀಟರ್ ಅಗಲದ ನೆಲವನ್ನು ಮುಚ್ಚಿಕೊಂಡಿರುತ್ತದೆ. ಆ ಗೆರೆಯ ಎಡ ಅಂಚು ಗಡಿಯೋ, ಬಲ ಅಂಚೋ, ನಡುವೋ ಎಂಬ ಪ್ರಶ್ನೆ ಈಗ ಬರೀ ತಂತ್ರಾಂಶದ ಪ್ರಶ್ನೆಯಾಗಿ ಉಳಿಯುವುದಿಲ್ಲ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗೆರೆ ತಮ್ಮ ಕಾಂಪೌಂಡಿನಿಂದ ಆಚೆಗೋ ಈಚೆಗೋ ಕಂಡಾಗ ಗಾಬರಿಯಾಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಇದರ ಮೇಲೆ ಕಾಗದದ ಸ್ವಭಾವವೂ ಸೇರುತ್ತದೆ. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಉದ್ದಕ್ಕೊಂದು ಬಗೆ, ಅಡ್ಡಕ್ಕೊಂದು ಬಗೆ. 600 ಮಿಲಿಮೀಟರ್ ಉದ್ದದ ನಕಾಶೆ ಶೇ 0.5ರಷ್ಟು ಕುಗ್ಗಿದೆ ಎಂದಿಟ್ಟುಕೊಂಡರೆ ಅದು ಕಾಗದದ ಮೇಲೆ 3 ಮಿಲಿಮೀಟರ್, ನೆಲದ ಮೇಲೆ ಸುಮಾರು 24 ಮೀಟರ್. ಇದನ್ನು ಸರಿಪಡಿಸಲು ನಕಾಶೆಯಲ್ಲೂ ನೆಲದ ಮೇಲೂ ಸಂಶಯವಿಲ್ಲದೆ ಗುರುತಿಸಬಹುದಾದ ಜಾಗಗಳನ್ನು ಹಿಡಿಯಬೇಕು. ಮೂರು ಗ್ರಾಮಗಳ ಗಡಿ ಕೂಡುವಲ್ಲಿನ ಕಲ್ಲು ಅಂಥದ್ದು. ಎರಡೂ ದಿಕ್ಕಿನ ಹಿಗ್ಗು-ಕುಗ್ಗನ್ನು ಬೇರೆ ಬೇರೆಯಾಗಿ ತಿದ್ದಲು ಕನಿಷ್ಠ ಮೂರು ಬಿಂದುಗಳು ಬೇಕು. ನಾಲ್ಕನೆಯದು, ಐದನೆಯದು ಇದ್ದರೆ ಮಾತ್ರ ಮೊದಲ ಮೂರರಲ್ಲಿ ತಪ್ಪಿದೆಯೇ ಎಂದು ತಿಳಿಯುತ್ತದೆ. ಕ್ಯುಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಸೌಲಭ್ಯವಿದ್ದು, ಪ್ರತಿ ಬಿಂದುವಿನಲ್ಲೂ ಎಷ್ಟು ಹೊಂದಾಣಿಕೆ ತಪ್ಪಿದೆ ಎಂಬುದನ್ನು ಅದು ಸಂಖ್ಯೆಯಲ್ಲಿ ತೋರಿಸುತ್ತದೆ.

300 ಡಿಪಿಐ ಸ್ಕ್ಯಾನಿನ ಒಂದು ಪಿಕ್ಸೆಲ್ ಈ ಪ್ರಮಾಣದಲ್ಲಿ ನೆಲದ ಮೇಲೆ ಸುಮಾರು 67 ಸೆಂಟಿಮೀಟರ್. ಹಳೆಯ ಸರ್ವೆಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಆಣೆ ಎರಡು ಅಡಿಗಿಂತ ತುಸು ಹೆಚ್ಚು. ಅಂದರೆ ಒಂದು ಪಿಕ್ಸೆಲ್ ಹೆಚ್ಚೂ ಕಡಿಮೆ ಒಂದು ಆಣೆ. ಸರಪಳಿ ಹಿಡಿದು ಅಳೆದವರ ಸೂಕ್ಷ್ಮತೆಗೆ ಸರಿಗಟ್ಟಬೇಕಾದರೆ ಟ್ರೇಸ್ ಮಾಡುವವರು ಒಂದು ಪಿಕ್ಸೆಲ್ ಕೂಡ ತಪ್ಪುವಂತಿಲ್ಲ, ಮತ್ತು ಅದು ಆಗುವ ಮಾತಲ್ಲ.

ಹೀಗಿರುವುದರಿಂದಲೇ, ಅಳತೆಯ ಸಂಖ್ಯೆಗಳು ದೊರೆಯುವ ಕಡೆ ಗೆರೆಯನ್ನು ಟ್ರೇಸ್ ಮಾಡಲೇಬಾರದು. ಸರ್ವೆ ಟಿಪ್ಪಣಿಯಲ್ಲಿ ಸರಪಳಿ-ಆಣೆಗಳ ಲೆಕ್ಕ ಇದ್ದರೆ ಆ ಸಂಖ್ಯೆಗಳನ್ನೇ ಕ್ಯಾಡ್‌ಗೆ ಕೊಟ್ಟು ಗೆರೆಯನ್ನು ಹೊಸದಾಗಿ ಎಳೆಯಬಹುದು. ಆಗ ಕಾಗದದ ಕುಗ್ಗುವಿಕೆಯೂ ಶಾಯಿಯ ದಪ್ಪವೂ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ಪ್ಲ್ಯಾನಿಗೂ ಇದೇ ನಿಯಮ. ನಕ್ಷೆಯನ್ನು ಅಳೆಯದೆ ಬರೆದಿರುವ ಅಳತೆಯನ್ನೇ ಅನುಸರಿಸಬೇಕು ಎಂಬ ಸೂಚನೆ ಎಷ್ಟೋ ಕಟ್ಟಡ ನಕ್ಷೆಗಳ ಮೂಲೆಯಲ್ಲಿ ಇರುತ್ತದೆ. ಕೊಠಡಿಯೊಳಗೆ 10 ಅಡಿ ಎಂದು ಬರೆದಿದ್ದು ಸ್ಕ್ಯಾನಿನಲ್ಲಿ ಅಳೆದರೆ 9 ಅಡಿ 10 ಇಂಚು ಬಂದರೆ, ವೆಕ್ಟರಿನಲ್ಲಿ ಬರಬೇಕಾದದ್ದು 10 ಅಡಿಯೇ.

ಗೆರೆಗಳಿಗೆ ಅರ್ಥ ಕೊಡುವ ಕೆಲಸ

ಎಲ್ಲ ಗೆರೆಗಳೂ ಸಿಕ್ಕ ಮೇಲೆ ಉಳಿಯುವುದು ಯಾವ ಗೆರೆ ಏನು ಎಂಬ ಪ್ರಶ್ನೆ. ಕಾಲುದಾರಿಯ ತುಂಡುಗೆರೆಯನ್ನು ಯಂತ್ರ ಮೂವತ್ತು ಬಿಡಿ ಗೆರೆಗಳೆಂದು ತಿಳಿಯುತ್ತದೆ. ಹಳ್ಳದ ಮೇಲೆ ಬರೆದ ಸರ್ವೆ ನಂಬರಿನ ಅಂಕಿಗಳನ್ನು ಹಳ್ಳದ ತಿರುವುಗಳೆಂದು ಓದುತ್ತದೆ. ಬಾಗಿಲಿನ ಕಾಲುವೃತ್ತ ಅದಕ್ಕೆ ಗೋಡೆಯಷ್ಟೇ ಗಟ್ಟಿ. ಸಾವಿರಾರು ನಕ್ಷೆಗಳನ್ನು ನೋಡಿ ಕಲಿತ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಾಗಿಲು, ಕಿಟಕಿಗಳಂಥ ಗುರುತುಗಳನ್ನು ಈಚೆಗೆ ಚೆನ್ನಾಗಿಯೇ ಹಿಡಿಯುತ್ತಿವೆ. ಕೈಬರಹದ ಹಳೆಯ ಟಿಪ್ಪಣಿಗಳನ್ನು ಮಾತ್ರ ಪಳಗಿದ ಕಣ್ಣುಳ್ಳ ಮನುಷ್ಯರೇ ಕೂತು ಓದಬೇಕಾಗುತ್ತದೆ.

ಜಮೀನಿನ ನಕಾಶೆಗೆ ಇನ್ನೊಂದು ಷರತ್ತಿದೆ. ಇಬ್ಬರ ಹೊಲದ ನಡುವಿನ ಬದು ಒಂದೇ, ಆದ್ದರಿಂದ ಗೆರೆಯೂ ಒಂದೇ ಇರಬೇಕು. ಪ್ರತಿ ಹೊಲವನ್ನೂ ಬೇರೆ ಬೇರೆಯಾಗಿ ಸುತ್ತಿ ಬರೆದರೆ ಎರಡು ಗೆರೆಗಳ ನಡುವೆ ಯಾರಿಗೂ ಸೇರದ, ಅಥವಾ ಇಬ್ಬರಿಗೂ ಸೇರಿದ, ತೆಳ್ಳಗಿನ ಚೂರುಗಳು ಹುಟ್ಟುತ್ತವೆ. ಆಕಾರಗಳು ಮುಚ್ಚಿರಬೇಕು, ಮೂಲೆಗಳು ಒಂದೇ ಬಿಂದುವಿನಲ್ಲಿ ಕೂಡಿರಬೇಕು. ಹಾಗಿದ್ದಾಗ ಮಾತ್ರ ಕಂಪ್ಯೂಟರ್ ವಿಸ್ತೀರ್ಣವನ್ನು ಹೇಳಬಲ್ಲದು, ಮತ್ತು ಆ ವಿಸ್ತೀರ್ಣವೇ ಕೆಲಸದ ಮೊದಲ ಪರೀಕ್ಷೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಜಮೀನಿನ ವಿಸ್ತೀರ್ಣವನ್ನು ದಾಖಲಿಸುವ ಆಕಾರಬಂದ್‌ನಲ್ಲಿ 2 ಎಕರೆ 10 ಗುಂಟೆ ಎಂದಿರುವ ಜಮೀನು ವೆಕ್ಟರಿನಲ್ಲಿ 97 ಗುಂಟೆ ತೋರಿದರೆ ಎಲ್ಲೋ ಒಂದು ಮೂಲೆ ತಪ್ಪಿದೆ ಅಥವಾ ಪ್ರಮಾಣವೇ ತಪ್ಪಿದೆ.

ಮಾಡಿಸುವ ಮುನ್ನ ಮತ್ತು ಮಾಡಿಸಿದ ಮೇಲೆ

ಒಳ್ಳೆಯ ವೆಕ್ಟರ್ ಒಳ್ಳೆಯ ಸ್ಕ್ಯಾನಿನಿಂದ ಶುರುವಾಗುತ್ತದೆ. ಮೊಬೈಲ್ ಫೋಟೊದಲ್ಲಿ ಹಾಳೆಯ ಹತ್ತಿರದ ಅಂಚು ದೊಡ್ಡದಾಗಿಯೂ ದೂರದ ಅಂಚು ಸಣ್ಣದಾಗಿಯೂ ಬರುವುದರಿಂದ ನಕ್ಷೆಗಳಿಗೆ ಸ್ಕ್ಯಾನರೇ ಸರಿ; 300 ಡಿಪಿಐಗಿಂತ ಕಡಿಮೆ ಬೇಡ, ಸಣ್ಣ ಅಕ್ಷರಗಳಿದ್ದರೆ 600 ಇರಲಿ. ಜೆಪಿಇಜಿ ರೂಪ ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ತುಂಡುಗಳಾಗಿ ಒತ್ತುವುದರಿಂದ ಗೆರೆಗಳ ಸುತ್ತ ಧೂಳಿನಂಥ ಚುಕ್ಕಿಗಳು ಏಳುತ್ತವೆ. ಟಿಫ್ ಅಥವಾ ಪಿಎನ್‌ಜಿ ಆದರೆ ಆ ತೊಂದರೆ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗಲೂ ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು.

ಫೈಲ್ ಯಾವ ರೂಪದಲ್ಲಿ ಬೇಕು ಎಂಬುದನ್ನು ಬಳಕೆ ತೀರ್ಮಾನಿಸುತ್ತದೆ. ಕಟ್ಟಡದ ಕೆಲಸಕ್ಕೂ ಕಟಿಂಗ್ ಯಂತ್ರಗಳಿಗೂ ಡಿಎಕ್ಸ್‌ಎಫ್ ಅಥವಾ ಡಿಡಬ್ಲ್ಯುಜಿ, ಮುದ್ರಣ ಮತ್ತು ವೆಬ್‌ಗೆ ಎಸ್‌ವಿಜಿ, ಜಮೀನಿನ ನಕಾಶೆಗೆ ಶೇಪ್‌ಫೈಲ್. ಮಾಡಿಕೊಡುವವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆಗಳು ಎರಡು: ಗೆರೆ ನಡುಗೆರೆಯೋ ಅಂಚುಗೆರೆಯೋ, ಮತ್ತು ಅಳತೆಯನ್ನು ಟ್ರೇಸ್ ಮಾಡಿದ್ದೋ ಬರೆದ ಸಂಖ್ಯೆಗಳಿಂದ ಕಟ್ಟಿದ್ದೋ. ಹೀಗೆ ಸಿದ್ಧವಾದ ವೆಕ್ಟರ್ ಫೈಲ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೂಲ ದಾಖಲೆಯ ಸ್ಥಾನವನ್ನು ಪಡೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಗಡಿ ತಂಟೆ ಬಂದಾಗ ನೆಲಕ್ಕೆ ಬಂದು ಅಳೆಯುವವರು ಸರ್ವೆಯರೇ.

ಕೆಲಸ ಕೈಗೆ ಬಂದಾಗ ಪರೀಕ್ಷಿಸುವ ಹಳೆಯ ಉಪಾಯವೊಂದು ಇಂದಿಗೂ ಸಲ್ಲುತ್ತದೆ. ವೆಕ್ಟರನ್ನು ಮೂಲ ನಕ್ಷೆಯದೇ ಪ್ರಮಾಣದಲ್ಲಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ, ಮೂಲ ಕಾಗದದ ಮೇಲೆ ಹರಡಿ, ಕಿಟಕಿಯ ಬೆಳಕಿಗೆ ಹಿಡಿದು ಮೂಲೆಯಿಂದ ಮೂಲೆಗೆ ನೋಡುತ್ತಾ ಹೋಗಬೇಕು. ಒಂದು ಮೂಲೆಯನ್ನು ಹೊಂದಿಸಿಟ್ಟು ನೋಡಿದಾಗ ದೂರ ಹೋದಂತೆಲ್ಲ ವ್ಯತ್ಯಾಸ ಕ್ರಮೇಣ ಹೆಚ್ಚುತ್ತಾ ಹೋದರೆ ಅದು ಕಾಗದದ ಹಿಗ್ಗು-ಕುಗ್ಗಿನ ಅಥವಾ ಪ್ರಮಾಣದ ದೋಷ; ಒಂದೇ ಒಂದು ಮೂಲೆ ಸರಿದಿದ್ದರೆ ಅದು ಟ್ರೇಸ್ ಮಾಡಿದವರ ಕೈತಪ್ಪು, ಅಥವಾ ಬರೆದ ಅಳತೆಗೂ ಎಳೆದ ಗೆರೆಗೂ ಮೂಲದಲ್ಲೇ ಇದ್ದ ಜಗಳ.